ಮೊದಲ ತುತ್ತಿನಿಂದ ಎರಡು ಗಂಟೆ

ಶುಗರ್ ಇರುವವರಿಗೆ ಒಳ್ಳೆಯ ಲ್ಯಾಬ್ ಯಾವುದು ಅಂತ ಕೇಳಿದರೆ ಕೆಲವರು ರೇಟು ಹೇಳುತ್ತಾರೆ, ಕೆಲವರು ರಿಪೋರ್ಟ್ ಎಷ್ಟು ಬೇಗ ಬರುತ್ತದೆ ಅಂತ ಹೇಳುತ್ತಾರೆ. ನಾನು ನೋಡುವುದು ಬೇರೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ತಿಂಡಿ ತಿಂದು, ಮತ್ತೆ ರಕ್ತ ಕೊಡುವ ತನಕ ಎರಡು ಗಂಟೆ ಇರುತ್ತದಲ್ವಾ? ಆ ಎರಡು ಗಂಟೆ ನಮ್ಮನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನೋದು. ಬಳ್ಳಾರಿಯಲ್ಲಿ ನಾನು ಈಗ ಹೋಗುತ್ತಿರುವ ಲ್ಯಾಬಿಗೆ ಆ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಉಳಿದರ್ಧ ಅವರ ಮೆಟ್ಟಿಲಿಗೆ ಕಳೆದೆ.

ನಮ್ಮದು ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಮನೆ. ಮುಂದಿನ ಕೋಣೆಯಲ್ಲಿ ಮೆಷಿನ್, ಹಿಂದೆ ಅಡುಗೆ. ಮೆಷಿನ್ ನಿಂತರೆ ಆ ದಿನದ ಕೂಲಿಯೂ ನಿಂತಿತು. ಅದಕ್ಕೇ ಆಸ್ಪತ್ರೆ ಕೆಲಸ ಏನಿದ್ದರೂ ಒಂದೇ ದಿನಕ್ಕೆ ಕಟ್ಟಿಬಿಡುತ್ತೇನೆ. ಮೊನ್ನೆಯೂ ಹಾಗೇ ಮಾಡಿದೆ. ಬೆಳಿಗ್ಗೆ ಲ್ಯಾಬು, ನಡುವೆ ಟಿಫಿನ್ನು, ಕತ್ತರಿ ಸಾಣೆ, ಆಮೇಲೆ ಕಣ್ಣಿನ ಪರೀಕ್ಷೆ, ಕೊನೆಗೆ ಜನೌಷಧಿ ಅಂಗಡಿ. ಹೋದ ಜಾಗ ಎಲ್ಲದರ ಬಗ್ಗೆಯೂ ಬರೆಯುತ್ತೇನೆ. ಯಾರಿಗಾದರೂ ಉಪಯೋಗ ಆಗಬಹುದು.

ಲ್ಯಾಬು ರಾಯಲ್ ಸರ್ಕಲ್ಲಿನಿಂದ ನಡೆದು ಹೋಗುವಷ್ಟು ದೂರ. ಮೊದಲ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲು ಕಡಿದು, ಅದರಲ್ಲೂ ಕೊನೆಯದು ಉಳಿದವಕ್ಕಿಂತ ಎತ್ತರ. ಮೊಣಕಾಲು ನೋವಿರುವವರು, ರಾತ್ರಿಯಿಂದ ಏನೂ ತಿನ್ನದೆ ತಲೆ ಹಗುರಾದವರು ಹತ್ತುವ ಮೆಟ್ಟಿಲು ಇದು. ಕಟ್ಟಿದವರಿಗೆ ಶುಗರ್ ಇರಲಿಲ್ಲ ಅಂತ ಕಾಣುತ್ತದೆ.

ಹತ್ತಿ ಹೋದ ಮೇಲೆ ಮಾತ್ರ ದೂರುವುದಕ್ಕೆ ಏನೂ ಇಲ್ಲ. ಬೆಳಿಗ್ಗೆ ಆರೂವರೆಗೇ ತೆಗೆದಿರುತ್ತಾರೆ. ರಕ್ತ ತೆಗೆಯುವ ಹುಡುಗಿ ಸಿರುಗುಪ್ಪ ಕಡೆಯವಳು, ಮಾತಿನಲ್ಲೇ ಗೊತ್ತಾಗುತ್ತದೆ. ‘ಕುಂದರ್ರಿ ಆಂಟಿ, ಏನೂ ತಿಂದಿಲ್ಲ ಹೌದಲ್ರಿ? ಚಾ?’ ಅಂತ ಮೊದಲು ಕೇಳಿದಳು. ಚಹಾ ಕುಡಿದು ಬಂದು ‘ಏನೂ ತಿಂದಿಲ್ಲ’ ಅನ್ನುವವರು ಜಾಸ್ತಿಯಂತೆ. ಚಹಾ ತಿಂಡಿ ಅಲ್ಲ ಅನ್ನುವುದು ಅವರ ಲೆಕ್ಕ. ನೀರು ಕುಡಿಯಬಹುದು, ಕುಡಿದರೆ ಒಳ್ಳೆಯದೇ, ನರ ಸಿಗುತ್ತದೆ. ನನ್ನ ನರ ಬೇಗ ಸಿಗುವುದಿಲ್ಲ. ಜೀನ್ಸಿನ ದಪ್ಪ ಜೋಡಣೆಯ ಮೇಲೆ ಸೂಜಿ ಜಾರಿದ ಹಾಗೆ ಜಾರಿಬಿಡುತ್ತದೆ. ಈ ಹುಡುಗಿ ಕೈಯನ್ನು ಅವಸರದಲ್ಲಿ ಬಡಿಯುವುದಿಲ್ಲ. ಬೆರಳ ತುದಿಯಿಂದ ಒತ್ತಿ ಒತ್ತಿ ನೋಡಿ, ಸಿಕ್ಕಿದ ಮೇಲೆಯೇ ಸೂಜಿ ತೆಗೆಯುತ್ತಾಳೆ. ಬಲಗೈ ಬೇಡ, ಕತ್ತರಿ ಹಿಡಿಯುವ ಕೈ ಅಂದೆ. ಎಡಗೈಯಲ್ಲೇ ತೆಗೆದಳು.

ಬೂದು ಮುಚ್ಚಳದ್ದು ಒಂದು, ನೇರಳೆ ಮುಚ್ಚಳದ್ದು ಒಂದು, ಎರಡು ಟ್ಯೂಬು. ಬೂದು ಯಾಕೆ ಅಂತ ಕೇಳಿದೆ. ಬೇರೆ ಕಡೆ ಕೇಳಿದ್ದರೆ ‘ಅದು ಹಂಗೇರಿ’ ಅಂದು ಮುಗಿಸುತ್ತಿದ್ದರು. ಇವಳು ಹೇಳಿದಳು. ರಕ್ತ ಟ್ಯೂಬಿಗೆ ಬಂದ ಮೇಲೂ ಅದರಲ್ಲಿರುವ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಸುಮ್ನೆ ಇಟ್ಟರೆ ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಸಕ್ಕರೆ ಇಳಿದುಹೋಗುತ್ತದೆ. ಅದನ್ನು ತಡೆಯುವುದಕ್ಕೆ ಬೂದು ಮುಚ್ಚಳದ ಟ್ಯೂಬಿನಲ್ಲಿ ಫ್ಲೋರೈಡ್ ಇರುತ್ತದೆ. ನೇರಳೆಯದು ಮೂರು ತಿಂಗಳ ಸರಾಸರಿ ನೋಡುವ ಎಚ್‌ಬಿಎ1ಸಿ ಪರೀಕ್ಷೆಗೆ. ಟ್ಯೂಬಿನ ಮೇಲೆ ಚೀಟಿ ಅಂಟಿಸುವ ಮುಂಚೆ ನನ್ನ ಹೆಸರು, ವಯಸ್ಸು ಇನ್ನೊಂದು ಸಲ ನನ್ನ ಬಾಯಿಂದಲೇ ಹೇಳಿಸಿದಳು. ಸಣ್ಣ ಕೆಲಸ. ಆದರೆ ಹತ್ತು ಜನರ ಟ್ಯೂಬನ್ನು ಒಟ್ಟಿಗೆ ಟ್ರೇಯಲ್ಲಿ ಹಾಕಿ, ಆಮೇಲೆ ಚೀಟಿ ಅಂಟಿಸುವ ಲ್ಯಾಬನ್ನೂ ನಾನು ಕಂಡಿದ್ದೇನೆ. ಹತ್ತಿ ಇಟ್ಟು ಕೈ ಮಡಚಬೇಡಿ, ನೆಟ್ಟಗೆ ಚಾಚಿ ಒತ್ತಿ ಹಿಡೀರಿ ಅಂದಳು. ಹಾಗೇ ಮಾಡಿದೆ, ಈ ಸಲ ನೀಲಿ ಕಲೆ ಬೀಳಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೊರಡುವಾಗ ಅವಳು ರಸೀದಿಯ ಹಿಂದೆ ಒಂದು ಖಾಲಿ ಗೆರೆ ಎಳೆದು ಕೊಟ್ಟಳು. ‘ಮೊದಲನೇ ತುತ್ತು ಬಾಯಿಗಿಟ್ಟ ಟೈಮ್ ಇಲ್ಲಿ ಬರ್ಕೊಳ್ರಿ. ಅಲ್ಲಿಂದ ಎರಡು ತಾಸಿಗೆ ಸರಿಯಾಗಿ ಬರ್ರಿ. ತಿಂದು ಮುಗಿಸಿದ ಟೈಮ್ ಅಲ್ಲ. ನಡುವೆ ಜಾಸ್ತಿ ಅಡ್ಡಾಡಬ್ಯಾಡ್ರಿ.’ ಅಷ್ಟೇ ಮಾತು. ಆದರೆ ಊಟದ ನಂತರದ ಪರೀಕ್ಷೆಗೆ ಅರ್ಥ ಬರುವುದೇ ಅದರಿಂದ. ಹಿಂದೆ ಹೋಗುತ್ತಿದ್ದ ಒಂದು ಕಡೆ, ಹೆಸರು ಬೇಡ, ‘ತಿಂದು ಬರ್ರಿ’ ಅಂತ ಮಾತ್ರ ಹೇಳುತ್ತಿದ್ದರು. ಯಾವಾಗ ತಿಂದೆ, ಯಾವಾಗ ಬಂದೆ ಅಂತ ಯಾರೂ ಕೇಳುತ್ತಿರಲಿಲ್ಲ. ಒಂದೂಕಾಲು ಗಂಟೆಗೆ ಹೋದರೂ ಸೂಜಿ ಚುಚ್ಚುತ್ತಿದ್ದರು, ಮೂರು ಗಂಟೆಗೆ ಹೋದರೂ ಅಷ್ಟೇ. ರಿಪೋರ್ಟಿನಲ್ಲಿ ಮಾತ್ರ ‘ಊಟವಾಗಿ 2 ಗಂಟೆಗೆ’ ಅಂತ ಅಚ್ಚು ಹಾಕಿರುತ್ತಿದ್ದರು. ಆ ನಂಬರ್ ನೋಡಿ ಡಾಕ್ಟರು ಮಾತ್ರೆ ಹೆಚ್ಚು ಕಡಿಮೆ ಮಾಡುತ್ತಾರೆ ಅಂತ ನೆನೆಸಿಕೊಂಡರೆ ಈಗಲೂ ಕೋಪ ಬರುತ್ತದೆ.

ಟಿಫಿನ್ ಹೋಟೆಲು ಅದೇ ಬೀದಿಯ ತುದಿಯಲ್ಲಿದೆ. ಆರು ಟೇಬಲ್ಲು, ಗೋಡೆಗೆ ದೇವರ ಫೋಟೊ, ಕೈ ತೊಳೆಯುವ ಕಡೆ ಕನ್ನಡಿ. ಒಗ್ಗರಣೆ ತಗೊಂಡೆ. ಬೇರೆ ಊರಿನವರು ಇದನ್ನು ಮಂಡಕ್ಕಿ ಒಗ್ಗರಣೆ ಅಂತಾರೆ. ನಮ್ಮ ತೆಲುಗು ಮಂದಿಗೆ ಉಗ್ಗಾಣಿ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡುವುದರಲ್ಲೇ ಕೈಗುಣ ಗೊತ್ತಾಗುತ್ತದೆ. ಜಾಸ್ತಿ ನೆನೆದರೆ ಮುದ್ದೆ, ಕಮ್ಮಿ ನೆನೆದರೆ ಗಂಟಲಲ್ಲಿ ಸಿಕ್ಕುತ್ತದೆ. ಇಲ್ಲಿ ಹಿಂಡುವ ಅಜ್ಜಿ ಒಂದೇ ಕೈಯಲ್ಲಿ ಹಿಂಡಿ, ಇನ್ನೊಂದು ಕೈಯಲ್ಲಿ ಒಲೆಯ ಮೇಲಿನ ಬಾಣಲೆ ಅಲ್ಲಾಡಿಸುತ್ತಾರೆ. ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ, ಮೇಲೆ ಪುಟಾಣಿ ಪುಡಿ ಕೈ ತುಂಬ. ನಿಂಬೆಹಣ್ಣು ಹಿಂಡುವುದರಲ್ಲಿ ಜಿಪುಣತನ ಇಲ್ಲ. ಪಕ್ಕಕ್ಕೆ ಮಿರ್ಚಿ ಬಜ್ಜಿ ಒಂದು. ಒಳಗಿನ ಬೀಜ ತೆಗೆದು, ಅಜವಾನ, ಹುಣಸೆ, ಉಪ್ಪು ಸವರಿ ಕರಿದದ್ದು. ಸಂಜೆಯಷ್ಟು ಗರಿಗರಿ ಬೆಳಿಗ್ಗೆ ಇರುವುದಿಲ್ಲ, ಅದು ಹೇಳಲೇಬೇಕು. ಹಿಂದಿನ ರಾತ್ರಿಯ ಎಣ್ಣೆ ಅಂತ ನನ್ನ ಅನುಮಾನ.

ಶುಗರ್ ಪರೀಕ್ಷೆಯ ದಿನ ಮಂಡಕ್ಕಿ ತಿಂದಳಾ ಅಂತ ಹುಬ್ಬೇರಿಸಬೇಡಿ. ಮಂಡಕ್ಕಿ ಶುಗರನ್ನು ಬೇಗ ಏರಿಸುತ್ತದೆ, ಗೊತ್ತು. ಆದರೆ ಪರೀಕ್ಷೆಯ ದಿನ ತಿನ್ನಬೇಕಾದದ್ದು ನಿತ್ಯ ತಿನ್ನುವುದನ್ನೇ. ಬೆಳಿಗ್ಗೆಯ ಮಾತ್ರೆಯನ್ನೂ ನಿತ್ಯದ ಹಾಗೇ ತಗೋ ಅಂತ ನಮ್ಮ ಡಾಕ್ಟರು ಹೇಳಿದ್ದಾರೆ. ನಮ್ಮ ಓಣಿಯಲ್ಲಿ ಒಬ್ಬರಿದ್ದಾರೆ. ವರ್ಷವೆಲ್ಲ ಮಧ್ಯಾಹ್ನ ಅನ್ನ ಸಾರು ಎರಡು ಸಲ ಹಾಕಿಸಿಕೊಳ್ಳುತ್ತಾರೆ, ಪರೀಕ್ಷೆಯ ದಿನ ಮಾತ್ರ ಎರಡು ಇಡ್ಲಿ, ಅದೂ ಚಟ್ನಿ ಇಲ್ಲದೆ. ರಿಪೋರ್ಟ್ ಬಂದ ಮೇಲೆ ಅದನ್ನು ಓಣಿಗೆಲ್ಲ ತೋರಿಸುತ್ತಾರೆ. ಅವರನ್ನು ಹಿಡಿಯುವುದು ಆ ನೇರಳೆ ಮುಚ್ಚಳದ ಟ್ಯೂಬು. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕಿರುತ್ತದೆ. ಅಷ್ಟು ದಿನದಲ್ಲಿ ಅದಕ್ಕೆ ಅಂಟಿಕೊಂಡ ಸಕ್ಕರೆ ಒಂದು ದಿನದ ಪಥ್ಯಕ್ಕೆ ಬಗ್ಗುವುದಿಲ್ಲ. ಅವರು ಆ ಪರೀಕ್ಷೆ ಮಾಡಿಸುವುದೇ ಇಲ್ಲ ಬಿಡಿ, ದುಡ್ಡು ಜಾಸ್ತಿಯಂತೆ.

ಹೋಟೆಲಿನ ಬಗ್ಗೆ ಒಂದು ತಕರಾರು. ಸಕ್ಕರೆ ಹಾಕದ ಕಾಫಿ ಕೇಳಿದರೆ ಸಪ್ಲಯರ್ ಹುಡುಗ ಅಲ್ಲಿಂದಲೇ ‘ಸಕ್ರಿ ಇಲ್ದ ಕಾಫಿ ಒಂದೂಊ’ ಅಂತ ಒಳಗೆ ಕೂಗುತ್ತಾನೆ. ಆರು ಟೇಬಲ್ಲಿನವರೂ ತಿರುಗಿ ನೋಡುತ್ತಾರೆ. ಮೊನ್ನೆ ಎದುರಿಗೆ ಕೂತಿದ್ದ ಯಜಮಾನರು ‘ನಿಮಗೂ ಬಂದದೇನ್ರಿ?’ ಅಂತ ಕೇಳಿ, ತಮ್ಮ ಕಾಲಿನ ಉರಿ, ಮೆಂತ್ಯೆ ನೆನೆಸಿದ ನೀರು, ಅಳಿಯ ತಂದುಕೊಟ್ಟ ಚಪ್ಪಲಿ ಎಲ್ಲ ಹೇಳಿದರು. ಚಪ್ಪಲಿ ಒಳ್ಳೆಯದೇ, ಮೆತ್ತಗಿತ್ತು. ಕಾಫಿ ಮಾತ್ರ ಗಟ್ಟಿ, ಬಿಸಿ, ಸಕ್ಕರೆ ಇಲ್ಲದಿದ್ದರೂ ಕುಡಿಯುವ ಹಾಗಿತ್ತು. ತಿಂಡಿಗೆ ಐದಕ್ಕೆ ನಾಲ್ಕು.

ಅಡ್ಡಾಡಬೇಡಿ ಅಂದಿದ್ದಳಲ್ವಾ, ಅದಕ್ಕೆ ಕೂತೇ ಮುಗಿಯುವ ಕೆಲಸ ಇಟ್ಟುಕೊಂಡಿದ್ದೆ. ಸಾಣೆಯವನು ಸೈಕಲ್ಲಿನ ಹಿಂದೆ ಕಲ್ಲು ಕಟ್ಟಿಕೊಂಡು ಆ ಮೂಲೆಗೇ ಬರುತ್ತಾನೆ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು ಪೆಡಲ್ ತುಳಿದರೆ ಕಲ್ಲು ತಿರುಗುತ್ತದೆ. ಜೀನ್ಸ್ ಕತ್ತರಿಸುವ ಕತ್ತರಿಯ ಬಾಯಿ ಬೇಗ ಮೊಂಡಾಗುತ್ತದೆ. ಇವನು ಎರಡು ಅಲಗನ್ನೂ ಬೇರೆ ಮಾಡಿ, ಒಳಗಿನ ಮೈ ಮುಟ್ಟದೆ ಹೊರಗಿನ ಅಂಚನ್ನು ಮಾತ್ರ ಹಿಡಿಯುತ್ತಾನೆ. ಒಳಗಿನ ಮೈ ಸವೆದರೆ ಕತ್ತರಿ ಬಟ್ಟೆಯನ್ನು ಕತ್ತರಿಸದೆ ಮಡಚಿ ನುಂಗುತ್ತದೆ, ಅದು ಗೊತ್ತಿರುವವನು. ಕೊನೆಗೆ ಜೇಬಿನಿಂದ ಒಂದು ಚಿಂದಿ ತೆಗೆದು ತುದಿಯಲ್ಲಿ ಕತ್ತರಿಸಿ ತೋರಿಸಿದ. ಬುಡದಲ್ಲಿ ಎಂಥ ಕತ್ತರಿಯೂ ಕತ್ತರಿಸುತ್ತದೆ, ತುದಿಯಲ್ಲಿ ಕತ್ತರಿಸಬೇಕು. ಪಕ್ಕದ ಅಂಗಡಿಯಲ್ಲಿ 16, 18 ನಂಬರ್ ಸೂಜಿ, ಒಂದು ತಾಮ್ರ ಬಣ್ಣದ ದಾರದ ಕೋನು ತಗೊಂಡೆ. ಅಲ್ಲಿಗೆ ಇನ್ನೂ ಮುಕ್ಕಾಲು ಗಂಟೆ ಉಳಿದಿತ್ತು.

ಮತ್ತೆ ಲ್ಯಾಬಿನ ಮೆಟ್ಟಿಲು ಹತ್ತಿ, ಒಳಗೆ ಫ್ಯಾನಿನ ಕೆಳಗೆ ಕೂತೆ. ಕೂರಲು ಬಿಡುತ್ತಾರೆ, ಕುರ್ಚಿ ಸಾಕಷ್ಟಿದೆ, ಕುಡಿಯುವ ನೀರಿದೆ, ಪಾಯಖಾನೆ ಚೊಕ್ಕಟವಾಗಿದೆ. ಶುಗರ್ ಇರುವ ಹೆಂಗಸರಿಗೆ ಈ ಕೊನೆಯದು ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಟಿವಿ ಇದೆ, ಸದ್ದು ಮಾತ್ರ ಇಲ್ಲ. ಎದುರು ಸಾಲಿನಲ್ಲಿ ಕೂತ ಹುಡುಗರ ಪ್ಯಾಂಟುಗಳನ್ನೇ ನೋಡುತ್ತಾ ಕೂತೆ. ನನಗೆ ಈ ಚಟ. ಜೇಬಿನ ಮೂಲೆಗೆ ಹಾಕಿದ ಅಡ್ಡ ಹೊಲಿಗೆ, ಒಳಗಾಲಿನ ಜೋಡಣೆ ನೋಡಿದರೆ ನಮ್ಮೂರಿನದೋ ಹೊರಗಿನದೋ ಅಂತ ಗೊತ್ತಾಗುತ್ತದೆ. ಒಬ್ಬನ ಬೆನ್ನಿಗೆ ದೊಡ್ಡ ಕಂಪನಿಯ ಚರ್ಮದ ಪಟ್ಟಿ ಇತ್ತು. ಹೊಲಿಗೆ ಮಾತ್ರ ನಮ್ಮ ಓಣಿಯದೇ. ಪಾಪ, ಎಷ್ಟು ಕೊಟ್ಟು ತಗೊಂಡಿದ್ದನೋ. ನಾನು ಸುಮ್ನಿದ್ದೆ.

ಬರೆದುಕೊಂಡ ಟೈಮಿಗೆ ಸರಿಯಾಗಿ ಕರೆದಳು. ನಾನು ಎದ್ದು ನೆನಪಿಸಬೇಕಾಗಲಿಲ್ಲ. ಈ ಸಲದ ಬೂದು ಟ್ಯೂಬಿನ ಮೇಲೆ ರಕ್ತ ತೆಗೆದ ಗಂಟೆ, ನಿಮಿಷ ಕೂಡ ಬರೆದಳು.

ಅಲ್ಲಿಂದ ಕಣ್ಣಿನ ಪರೀಕ್ಷೆಗೆ. ಈ ಜಾಗದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಡಾಕ್ಟರಮ್ಮ ಒಳ್ಳೆಯವರು, ಅವರ ಸುತ್ತಲಿನ ವ್ಯವಸ್ಥೆ ಸರಿ ಇಲ್ಲ. ಹತ್ತೂವರೆಗೆ ಬರಲು ಹೇಳಿದ್ದರು, ನನ್ನನ್ನು ಒಳಗೆ ಕರೆದದ್ದು ಹನ್ನೆರಡು ದಾಟಿದ ಮೇಲೆ. ಟೋಕನ್ ಕೊಡುತ್ತಾರೆ, ಆದರೆ ಯಾರೋ ಫೋನ್ ಮಾಡಿಸಿಕೊಂಡು ಬಂದರೆ ಟೋಕನ್ನಿಗೆ ಬೆಲೆ ಇಲ್ಲ. ಕೇಳಿದರೆ ಕೌಂಟರಿನ ಹುಡುಗ ‘ಅವರು ಸ್ಟಾಫ್ ಕಡೆಯವರು’ ಅಂದ. ಆ ದಿನ ಬಂದ ಅರ್ಧ ಜನ ಸ್ಟಾಫ್ ಕಡೆಯವರೇ.

ಕಾಯುವಾಗ ಕಣ್ಣಿಗೆ ಹನಿ ಹಾಕುತ್ತಾರೆ. ಕಣ್ಣಿನ ಪಾಪೆ ಅಗಲವಾಗಲಿ, ಹಿಂದಿನ ಪರದೆ ಕಾಣಲಿ ಅಂತ. ಒಂದು ಕ್ಷಣ ಚುರ್ ಅನ್ನುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ಕೈಯಲ್ಲಿರುವ ರಸೀದಿಯ ಅಕ್ಷರ ಕರಗಿಹೋಗುತ್ತದೆ. ಶುಗರ್ ಇದ್ದವರಿಗೆ ಕಣ್ಣಿನ ಹಿಂದಿನ ಸಣ್ಣ ರಕ್ತನಾಳಗಳು ಸೋರಲು ಶುರುವಾದರೂ ಮೊದಲಿಗೆ ನೋವಿಲ್ಲ, ಮಂಜಿಲ್ಲ, ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಬೇಕು. ಡಾಕ್ಟರಮ್ಮ ಫೋಟೊ ತೆಗೆಸಿ, ಪರದೆಯ ಮೇಲೆ ನನಗೇ ತೋರಿಸಿದರು. ಕಿತ್ತಳೆ ಬಣ್ಣದ ಚೆಂದದ ಒಂದು ದುಂಡು, ಅದರೊಳಗೆ ಬಳ್ಳಿ ಹಬ್ಬಿದ ಹಾಗೆ ನರಗಳು. ಕಣ್ಣು ಮಂಜಾಗಿದ್ದರಿಂದ ಅದೂ ಪೂರ್ತಿ ಕಾಣಲಿಲ್ಲ ಅನ್ನಿ. ‘ಸದ್ಯಕ್ಕೆ ಏನಿಲ್ಲಮ್ಮ, ಮುಂದಿನ ವರ್ಷ ತಪ್ಪದೆ ಬನ್ನಿ’ ಅಂದರು. ನನ್ನ ಕೈಯಲ್ಲಿದ್ದ ಕತ್ತರಿ ನೋಡಿ ಮಿಷನ್ ಕೆಲಸಾನಾ ಅಂತ ಕೇಳಿ, ಸಂಜೆ ತನಕ ಸೂಜಿಗೆ ದಾರ ಹಾಕಬೇಡಿ ಅಂದರು.

ಇಷ್ಟೆಲ್ಲ ಆದ ಮೇಲೆ ಹೊರಗೆ ಕಳಿಸಿದ್ದು ಮಧ್ಯಾಹ್ನ ಒಂದು ಗಂಟೆಯ ಬಳ್ಳಾರಿ ಬಿಸಿಲಿಗೆ. ಕಪ್ಪು ಕನ್ನಡಕ ತನ್ನಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಬನ್ನಿ, ಗಾಡಿ ಓಡಿಸಬೇಡಿ ಅಂತ ಮೊದಲೇ ಫೋನಿನಲ್ಲಿ ಹೇಳಿದರೆ ಇವರಿಗೆ ಏನು ಹೋಗುತ್ತಿತ್ತು? ನನ್ನ ಮುಂದೆಯೇ ಒಬ್ಬ ಹುಡುಗ ಬೈಕ್ ಹತ್ತಿ, ಎರಡು ಸಲ ಕಣ್ಣು ಉಜ್ಜಿಕೊಂಡು, ಇಳಿದು, ಬೈಕ್ ತಳ್ಳಿಕೊಂಡು ಹೋದ. ನಾನು ಸೆರಗನ್ನು ಹಣೆ ತನಕ ಎಳೆದು ಆಟೋಗೆ ನಿಂತೆ. ರಸ್ತೆ, ಗೋಡೆ, ಕಾರಿನ ಗಾಜು ಎಲ್ಲ ಬರೀ ಬಿಳಿ. ಗುಡ್ಡ ಮಾತ್ರ ದೂರದಲ್ಲಿ ಗೊತ್ತಾಗುತ್ತಿತ್ತು.

ಗುಡ್ಡ ನೋಡಿದಾಗಲೆಲ್ಲ ಆ ಫ್ರೆಂಚ್ ಎಂಜಿನಿಯರ್ ನೆನಪಾಗುತ್ತಾನೆ. ಹೈದರ್ ಅಲಿ ಅವನಿಂದ ನಮ್ಮ ಕೋಟೆಯನ್ನು ಗಟ್ಟಿ ಮಾಡಿಸಿದನಂತೆ. ಕೆಲಸ ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ. ಅಲ್ಲಿ ತೋಪು ಇಟ್ಟವನಿಗೆ ಕೋಟೆಯ ಒಳಗೆಲ್ಲ ಸಿಗುತ್ತದೆ. ಎಂಜಿನಿಯರನನ್ನು ಗಲ್ಲಿಗೆ ಹಾಕಿಸಿದರು ಅಂತ ಕಥೆ. ಅಷ್ಟು ದೊಡ್ಡ ಗುಡ್ಡ ಅವನ ಕಣ್ಣಿಗೆ ಹೇಗೆ ಬೀಳಲಿಲ್ಲ? ಯಾರಾದರೂ ಹನಿ ಹಾಕಿ ಬಿಸಿಲಿಗೆ ಕಳಿಸಿದ್ದರೋ ಏನೋ.

ಆಟೋದವನು ‘ವಿಮ್ಸಾ ಅಕ್ಕಾ?’ ಅಂದ. ಕಣ್ಣಿಗೆ ಸೆರಗು ಹಿಡಿದವರನ್ನು ನೋಡಿದರೆ ದೊಡ್ಡಾಸ್ಪತ್ರೆಗೇ ಅಂದುಕೊಳ್ಳುತ್ತಾರೆ. ಅದಕ್ಕೆ ಬಿಎಂಸಿಆರ್‌ಸಿ ಅಂತ ಹೆಸರು ಬದಲಾಗಿದೆ, ಆಟೋದವರಿಗೆ ಇನ್ನೂ ವಿಮ್ಸೇ. ಜನೌಷಧಿ ಅಂಗಡಿಗೆ ಬಿಡು ಅಂದೆ. ಬಾಡಿಗೆ ಸರಿಯಾಗಿಯೇ ತಗೊಂಡ. ಚಿಲ್ಲರೆ ಕೊಡುವಾಗ ಒಂದೊಂದೇ ನೋಟಿನ ಹೆಸರು ಹೇಳಿ ಕೈಗಿಟ್ಟ. ಅವನಿಗೆ ಐದಕ್ಕೆ ಐದು.

ಜನೌಷಧಿ ಅಂಗಡಿಯ ಬಗ್ಗೆ ಜನರಿಗೆ ಇನ್ನೂ ಅನುಮಾನ ಇದೆ. ಅಗ್ಗ ಅಂದರೆ ಕೆಲಸ ಮಾಡುವುದಿಲ್ಲ ಅಂತ. ಸರ್ಕಾರ ಈ ಯೋಜನೆ ಶುರು ಮಾಡಿದ್ದು 2008ರಲ್ಲಿ. ಕಂಪನಿಯ ಹೆಸರಿಗೆ ದುಡ್ಡು ಕೊಡದೆ, ಒಳಗಿರುವ ಔಷಧಿಗೆ ಮಾತ್ರ ಕೊಡುವುದು ಇದರ ಲೆಕ್ಕ. ನಾನು ಬದಲಾಯಿಸುವ ಮುಂಚೆಯೂ ನಂತರವೂ ಮೂರು ತಿಂಗಳ ಸರಾಸರಿ ನೋಡಿಸಿದ್ದೇನೆ, ಹೇಳುವಂಥ ವ್ಯತ್ಯಾಸ ಬಂದಿಲ್ಲ. ನನ್ನ ತಿಂಗಳ ಮಾತ್ರೆಯ ಖರ್ಚು ಮಾತ್ರ ಮೂರನೇ ಒಂದು ಭಾಗಕ್ಕೆ ಇಳಿದಿದೆ. ಆದರೆ ಅಂಗಡಿಯಲ್ಲಿ ಕೂತವರ ಮೇಲೆ ಎಲ್ಲ ನಿಂತಿದೆ. ಈ ಅಂಗಡಿಯವರು ಚೀಟಿ ನೋಡಿ ‘ಅಮ್ಮಾ, ಇದರಲ್ಲಿ ಎಸ್‌ಆರ್ ಅಂತ ಬರೆದಾರ, ನಿಧಾನಕ್ಕ ಕರಗೋದು. ಸಾದಾ ಮೆಟ್‌ಫಾರ್ಮಿನ್ ಕೊಡಂಗಿಲ್ಲ’ ಅಂದರು. ಎರಡೂ 500 ಮಿಲಿಗ್ರಾಮೇ, ಎರಡೂ ಬಿಳಿ ಮಾತ್ರೆಯೇ. ಅವಸರದವರು ಕಣ್ಣು ಮುಚ್ಚಿ ಕೊಟ್ಟುಬಿಡುತ್ತಾರೆ. ಎರಡು ಔಷಧಿ ಒಂದರಲ್ಲೇ ಸೇರಿಸಿದ ಜೋಡಿ ಮಾತ್ರೆ ತಗೊಳ್ಳುವವರು ಇನ್ನೂ ಜಾಗ್ರತೆ ಇರಬೇಕು. ಅದರಲ್ಲಿ ಗ್ಲಿಮೆಪಿರೈಡ್ 1 ಮಿಲಿಗ್ರಾಂ ಇರುವ ಕಡೆ 2 ಬಂದರೆ ಮಧ್ಯಾಹ್ನದ ಹೊತ್ತಿಗೆ ಶುಗರ್ ತೀರಾ ಇಳಿದು, ಬೆವತು ಕೈ ನಡುಗಬಹುದು. ಹೊಸ ಅಂಗಡಿಯಲ್ಲಿ ತಗೊಂಡರೆ ಮೊದಲ ಸಲ ಸ್ಟ್ರಿಪ್ಪನ್ನು ಡಾಕ್ಟರಿಗೆ ತೋರಿಸಿ.

ನನಗೆ ಸ್ಟ್ರಿಪ್ಪಿನ ಒಂದಕ್ಷರವೂ ಕಾಣುತ್ತಿರಲಿಲ್ಲ. ಅವರೇ ಸ್ಕೆಚ್ ಪೆನ್ ತಗೊಂಡು ಬೆಳಗಿನ ಮಾತ್ರೆಯ ಮೇಲೆ ಸೂರ್ಯ, ರಾತ್ರಿಯದರ ಮೇಲೆ ಚಂದ್ರ ಬರೆದುಕೊಟ್ಟರು. ಸೂರ್ಯನಿಗೆ ಕಿರಣ ಕೂಡ ಹಾಕಿದ್ದರು ಅಂತ ಮನೆಗೆ ಬಂದ ಮೇಲೆ ಮಗಳು ಹೇಳಿದಳು. ದೂರು ಇಷ್ಟೇ, ಬಿಪಿ ಮಾತ್ರೆ ಇರಲಿಲ್ಲ. ‘ಸೋಮವಾರ ಬರ್ರಿ, ಲೋಡ್ ಬರ್ತದ’ ಅಂದರು. ಈ ಅಂಗಡಿಗಳಲ್ಲಿ ಇದು ಮಾಮೂಲು. ಒಂದಿದ್ದರೆ ಒಂದಿಲ್ಲ. ಜನೌಷಧಿ ಸುಗಮ್ ಅನ್ನುವ ಆ್ಯಪಿನಲ್ಲಿ ಹತ್ತಿರದ ಕೇಂದ್ರ, ಮಾತ್ರೆಯ ಬೆಲೆ ನೋಡಬಹುದು. ಸ್ಟಾಕಿಗೆ ಮಾತ್ರ ಫೋನ್ ಮಾಡಿ ಕೇಳಿ ಹೋಗುವುದೇ ವಾಸಿ. ಮಾತ್ರೆ ಪೂರ್ತಿ ಮುಗಿಯುವ ತನಕ ಕಾಯಬೇಡಿ. ಐದಕ್ಕೆ ನಾಲ್ಕು.

ಸಂಜೆ ಆರಕ್ಕೆ ರಿಪೋರ್ಟ್ ವಾಟ್ಸಾಪಿಗೆ ಬಂತು. ಖಾಲಿ ಹೊಟ್ಟೆ 132, ಊಟದ ನಂತರ 208, ಮೂರು ತಿಂಗಳ ಸರಾಸರಿಯ ಎಚ್‌ಬಿಎ1ಸಿ ನೂರಕ್ಕೆ 7.6. ಪಕ್ಕದಲ್ಲಿ ಎಷ್ಟಿರಬೇಕು ಅಂತಲೂ ಇದೆ, ಹೆಚ್ಚಾದದ್ದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಎಲ್ಲ ಇಂಗ್ಲಿಷಿನಲ್ಲೇ. ಬಳ್ಳಾರಿಯಲ್ಲಿ ಕೂತು ಬಳ್ಳಾರಿಯವರ ರಕ್ತ ನೋಡುವವರು ಕೆಳಗೆ ಎರಡು ಸಾಲು ಕನ್ನಡ ಹಾಕಬಾರದಾ? ನಮ್ಮ ಮನೆಯವರು ಓದಿ, ‘ಒಗ್ಗರಣಿ 208 ಅಂತ ನೋಡು’ ಅಂದರು. ನನಗೆ ಇನ್ನೊಂದು ಯೋಚನೆ. ರಕ್ತ ಕಮ್ಮಿ ಇದ್ದವರಿಗೆ ಈ ಸರಾಸರಿ ಸ್ವಲ್ಪ ಏರುಪೇರಾಗಿ ತೋರಿಸಬಹುದು ಅಂತ ಡಾಕ್ಟರು ಹೋದ ಸಲ ಹೇಳಿದ್ದರು. ನನಗೆ ಹಿಮೋಗ್ಲೋಬಿನ್ ಯಾವಾಗಲೂ ಕಮ್ಮಿಯೇ. ಅದಕ್ಕೆ ಮುಂದಿನ ಸಲ ಅದನ್ನೂ ಒಟ್ಟಿಗೆ ಮಾಡಿಸುತ್ತೇನೆ. ಅದೇ ನೇರಳೆ ಟ್ಯೂಬಿನಲ್ಲೇ ಆಗುತ್ತದಂತೆ, ಇನ್ನೊಂದು ಸೂಜಿ ಬೇಕಿಲ್ಲ.

ಹೋಗುವವರಿಗೆ ಒಂದು ಮಾತು. ಲ್ಯಾಬು ಭಾನುವಾರವೂ ತೆಗೆದಿರುತ್ತದೆ, ಆದರೆ ಹತ್ತಕ್ಕೇ ಬಾಗಿಲು ಹಾಕುತ್ತಾರೆ. ಊಟದ ನಂತರದ್ದೂ ಬೇಕಿದ್ದರೆ ಏಳೂವರೆಯೊಳಗೆ ಮೊದಲ ತುತ್ತು ಬಾಯಿಗೆ ಬಿದ್ದಿರಬೇಕು. ಭಾನುವಾರ ಅಷ್ಟು ಹೊತ್ತಿಗೆ ಆ ಹೋಟೆಲಿನಲ್ಲಿ ಇಡ್ಲಿ ಮಾತ್ರ ಸಿಗುತ್ತದೆ, ಒಗ್ಗರಣೆ ಎಂಟರ ಮೇಲೆಯೇ.